ನಳಿಗೆಯೊಳಗಿನ ನೀಲಿ

ವೆಸ್ಟ್ ಕೊವಿನಾ
18 ಫೆಬ್ರವರಿ 1996

ಚಿ. ಚಿತ್ರಾಳಿಗೆ,

ಮೊದಲು ಮನೆಯವರ ಸುದ್ದಿ ಹೇಳು. ನಿನ್ನಮ್ಮ ಉಮಾವತಿ ಅಕ್ಕನ ಮಂಡಿನೋವು ಹೇಗುಂಟು? ಊರಿನಿಂದ ಬಂದು ಎರಡು ತಿಂಗಳಾಯಿತಲ್ಲ, ಸ್ಯಾನ್ ಡಿಯಾಗೋದ ಹವೆ ಅವಳಿಗೆ ಹಿಡಿಸಿತಾ? ಅಳಿಯ ಸುಜಿತನ ಬೆನ್ನು ಈಗ ಪರವಾಗಿಲ್ಲವಾ? ಅಕ್ಷತನ ಕೆಮ್ಮು ನಿಂತಿತಾ? ನಿನ್ನ ಭುಜ? ಇಲ್ಲಿ ನಿನ್ನ ಅತ್ತೆ ಶೋಭಾ ಆರಾಮ. ನನ್ನ ಕಿವಿ ಮಾತ್ರ ಮುಕ್ಕಾಲು ರಜೆ ಹಾಕಿದೆ. ಮಷೀನ್ ಶಾಪಿನಲ್ಲಿ ಮೂವತ್ತು ವರ್ಷ ಲೇತಿನ ಪಕ್ಕ ನಿಂತದ್ದಕ್ಕೆ ಸಿಕ್ಕಿದ ಪೆನ್ಷನ್ ಅದು. ಫೋನ್ ಹಿಡಿದು ಪ್ರಯೋಜನವಿಲ್ಲ, ನಮಗೆ ಕಾಗದವೇ ಸೈ.

ನಿನ್ನ ರೈಫಲ್ಲಿನ ಹೊಸ ನಳಿಗೆಯನ್ನು ನಿನ್ನೆ ಪಾರ್ಸೆಲ್ ಮಾಡಿದೆ. ನಿಮ್ಮೂರಿನ ಗನ್‌ಸ್ಮಿತ್‌ಗೆ ಹೇಳಿ ಕೂರಿಸಿಕೋ. ಒಳಗಿನ ಕೆಲಸವೆಲ್ಲ ನನ್ನ ಗ್ಯಾರೇಜಿನಲ್ಲೇ ಆಗಿದೆ. ಸರಳಿನ ತುದಿಗೆ ನಳಿಗೆಯೊಳಗೇ ಸೀಸದ ಎರಕ ಹೊಯ್ದು, ಆ ಸೀಸಕ್ಕೆ ಎಣ್ಣೆ, ಎಮರಿ ಎಂಬ ಉಜ್ಜುವ ಪುಡಿ ಸವರಿ, ಈ ತುದಿಯಿಂದ ಆ ತುದಿಗೆ ಎಳೆಯುವುದು, ತಳ್ಳುವುದು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಅಂಗೈಗೇ ಗೊತ್ತಾಗುತ್ತದೆ. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ, ಲೈಬ್ರರಿಯ ಪುಸ್ತಕ ಓದಿ, ಹಲವು ನಳಿಗೆ ಕೆಡಿಸಿ ಕಲಿತದ್ದು. ಕೊರೆಯುವ ಹತಾರ ಬಿಟ್ಟುಹೋದ ಅಡ್ಡಗೀರುಗಳು ಒಳಗೆ ಅರದ ಹಲ್ಲಿನ ಹಾಗೆ ಇರುತ್ತವೆ. ಗುಂಡಿನ ಮೇಲಿನ ತಾಮ್ರದ ಕವಚವನ್ನು ಪ್ರತಿಸಲ ಇಷ್ಟಿಷ್ಟು ಕೆರೆದುಕೊಳ್ಳುತ್ತವೆ. ಆ ತಾಮ್ರ ಅಲ್ಲೇ ಕೂರುತ್ತದೆ. ಮುಂದಿನ ಗುಂಡು ಅದರ ಮೇಲೆ ಹಾಯುತ್ತದೆ, ಗುರಿ ಚೆದುರುತ್ತದೆ.

ಸಾಮಾನ್ಯವಾಗಿ ನಿಲ್ಲಿಸುವ ಕಡೆ ಈ ಸಲ ನಾನು ನಿಲ್ಲಿಸಲಿಲ್ಲ. ನಿನ್ನ ಅಜ್ಜ ಉಡುಪಿಯಲ್ಲಿ ಕಾಲುದೀಪ ಮಾಡುವಾಗ, ಅದರಲ್ಲಿ ತನ್ನ ಮುಖ ಕಾಣುವವರೆಗೆ ಕೈ ತೆಗೆಯುತ್ತಿರಲಿಲ್ಲ. ಅವರ ಮೊಮ್ಮಗಳ ನಳಿಗೆ ತಾನೇ ಇದು? ಅತಿ ನಯವಾದ ಪುಡಿ ಹಾಕಿ ಇನ್ನೆರಡು ದಿನ ಎಳೆದೆ. ಬೆಳಕು ಬಿಟ್ಟರೆ ಒಳಗೆ ಪಾದರಸ ಹರಿದ ಹಾಗೆ ಕಾಣುತ್ತದೆ.

ಮೇ ಹತ್ತೊಂಬತ್ತಕ್ಕೆ ಶೂಟಿಂಗ್ ಕ್ಲಬ್ಬಿನ ಆಯ್ಕೆ, ತಂಡದಲ್ಲಿ ಒಂದೇ ಜಾಗ ಖಾಲಿ ಎಂದು ನೀನು ಬರೆದಿದ್ದೆ. ಹೋದ ವರ್ಷ ಕೂದಲೆಳೆಯಲ್ಲಿ ಹೋಯಿತು. ಈ ವರ್ಷ ಬಿಡಬಾರದು. ಹೊಡೆದ ಮೇಲೆ ನಳಿಗೆ ಒರೆಸಿದ ಬಟ್ಟೆಚೂರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಳಿಸು. ಅಮೋನಿಯಾ ದ್ರಾವಣದಲ್ಲಿ ತಾಮ್ರ ಕರಗಿದರೆ ಬಟ್ಟೆ ನೀಲಿಯಾಗುತ್ತದೆ. ಡಾಕ್ಟರು ನಾಲಿಗೆ ನೋಡಿದ ಹಾಗೆ ನಾನು ಅದನ್ನು ನೋಡಿ ಹೇಳುತ್ತೇನೆ.

ನಿನ್ನ ಮಾವ
ಕೃಷ್ಣರಾಜ


ಯೂನಿವರ್ಸಿಟಿ ಸಿಟಿ
10 ಮಾರ್ಚ್ 1996

ಪ್ರೀತಿಯ ಮಾವನಿಗೆ,

ನಾವೆಲ್ಲ ಕ್ಷೇಮ. ನಿಮ್ಮ ನಳಿಗೆ ಕೂರಿಸಿ ಎರಡು ಭಾನುವಾರ ಹೊಡೆದೆ. ಎಷ್ಟು ಚಂದ ಉಂಟು ಗೊತ್ತಾ! ಮೊದಲ ಕೆಲವು ಗುಂಡುಗಳು ಒಂದು ಅಂಗೈ ಅಗಲದೊಳಗೇ ಬಿದ್ದವು. ನಮ್ಮ ಕ್ಯಾಪ್ಟನ್ ಹೆಲೆನ್ ನಳಿಗೆಯೊಳಗೆ ಕಣ್ಣಿಟ್ಟು, "ಇದನ್ನು ಮಾಡಿದವರು ಕನ್ನಡಿ ಮಾಡುವವರಾ?" ಎಂದು ಕೇಳಿದಳು. ನಮ್ಮ ಮಾವ ಎಂದೆ. ಬಟ್ಟೆಚೂರುಗಳನ್ನು ಇದರೊಂದಿಗೆ ಇಟ್ಟಿದ್ದೇನೆ.

ಲ್ಯಾಬಿನಲ್ಲಿ ಕೆಲಸ ಜಾಸ್ತಿ. ಕಾಗದದ ಕೆಳಗಿನ ಜಾಗವನ್ನು ಅಮ್ಮನಿಗೆ ಬಿಟ್ಟಿದ್ದೇನೆ, ಇಲ್ಲದಿದ್ದರೆ ನನ್ನನ್ನು ಬಿಡುವುದಿಲ್ಲ.

ಚಿತ್ರಾ

ಕಿಟ್ಟು, ನಾನು ಉಮಕ್ಕ. ಮಂಡಿ ಅಡ್ಡಿಯಿಲ್ಲ. ಹೆಣ್ಣು ಹುಡುಗಿಗೆ ಕೋವಿ ಮಾಡಿ ಕಳಿಸುತ್ತೀಯಲ್ಲ ಮಾರಾಯ, ನಿನಗೆ ಬೇರೆ ಕೆಲಸ ಇಲ್ಲವಾ? ಒಂದು ಒಳ್ಳೆಯ ತುರಿಮಣೆ ಮಾಡಿ ಕಳಿಸು. ಇವಳ ಮನೆಯಲ್ಲಿ ತೆಂಗಿನಕಾಯಿ ತುರಿಯಲು ಒಂದು ನೆಟ್ಟಗಿನ ಮಣೆಯಿಲ್ಲ.


ವೆಸ್ಟ್ ಕೊವಿನಾ
17 ಮಾರ್ಚ್ 1996

ಚಿ. ಚಿತ್ರಾ,

ಚೂರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನೀಲಿ ಇದೆಯೋ ಇಲ್ಲವೋ ಅನ್ನುವಷ್ಟು ತೆಳು! ಇಷ್ಟು ಶುದ್ಧವಾದ ನಳಿಗೆ ನನ್ನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಶೋಭಾಳಿಗೆ ತೋರಿಸಿದೆ. "ಚಿಂದಿಬಟ್ಟೆ ನೋಡಿ ಇಷ್ಟು ಕುಣಿಯುವ ಗಂಡಸನ್ನು ನಾನು ಕಂಡಿಲ್ಲ" ಅಂದಳು. ಅನ್ನಲಿ ಬಿಡು.

ಇನ್ನು ಮುಂದೆ ಯಾರಿಗೆ ಮಾಡಿದರೂ ಕಡೆಯ ಆ ನಯದ ಪುಡಿ ಬಿಡುವುದಿಲ್ಲ ಎಂದು ನಿಶ್ಚಯಿಸಿದ್ದೇನೆ. ನಿನ್ನದು ಒಂದೇ ಕೆಲಸ: ಉಸಿರು ಹಿಡಿ, ಗಾಳಿ ನೋಡು, ಹೊಡಿ. ತುರಿಮಣೆ ಆಗುತ್ತದೆ ಎಂದು ಅಕ್ಕನಿಗೆ ಹೇಳು.

ಕೃಷ್ಣರಾಜ ಮಾವ


ಯೂನಿವರ್ಸಿಟಿ ಸಿಟಿ
14 ಏಪ್ರಿಲ್ 1996

ಮಾವನಿಗೆ ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಳಿಗೆಗೆ ಏನೋ ಆಗಿದೆ. ಗುಂಡುಗಳು ಮೊದಲಿನಿಂದಲೇ ಚೆದುರುತ್ತವೆ, ಹೊಡೆಯುತ್ತ ಹೋದಂತೆ ಇನ್ನೂ ದೂರ ದೂರ. ಬಾಯಿಯ ಹತ್ತಿರ ತಾಮ್ರ ಬಹಳ ಹಿಡಿಯುತ್ತಿದೆ. ಹೆಲೆನ್ ತನ್ನ ಇನ್ನೊಂದು ರೈಫಲ್ ಆಯ್ಕೆಯ ದಿನಕ್ಕೆ ಕೊಡುತ್ತೇನೆ ಅಂದಳು. ನಾನು ಬೇಡವೆಂದೆ. ಇದನ್ನೇ ಸರಿಪಡಿಸಲಿಕ್ಕೆ ಆಗುತ್ತದಾ?

ಎಲ್ಲರೂ ಕ್ಷೇಮ.

ಚಿತ್ರಾ


ವೆಸ್ಟ್ ಕೊವಿನಾ
18 ಏಪ್ರಿಲ್ 1996

ಚಿ. ಚಿತ್ರಾ,

ಎರಡೇ ತಿಂಗಳಲ್ಲಿ ನಳಿಗೆ ಹೀಗೆ ಹಾಳಾಗುವುದಿಲ್ಲ. ಉಕ್ಕಿನದ್ದು ತಪ್ಪೋ, ನನ್ನ ಕೈಯದ್ದು ತಪ್ಪೋ ತಿಳಿಯಬೇಕು. ಈ ಸಲ ಬಟ್ಟೆಚೂರು ಯಾಕೆ ಕಳಿಸಲಿಲ್ಲ? ಎಲ್ಲ ಕಳಿಸು.

ಇನ್ನೊಂದು ಮಾತು. ನಿನ್ನ ಕಾಗದದ ಕೆಳಗೆ ಜಾಗ ಖಾಲಿ ಇತ್ತು, ಅಕ್ಕ ಒಂದು ಸಾಲೂ ಬರೆಯಲಿಲ್ಲ. ತುರಿಮಣೆ ಇನ್ನೂ ಮಾಡಿಲ್ಲವೆಂದು ಸಿಟ್ಟಾ? ಕೋವಿಯ ವಿಷಯ ಮನಸ್ಸಿಗೆ ನಾಟಿಕೊಂಡಿತಾ? ಅವಳು ಬೈದರೆ ನನಗೆ ಸುಖ, ಸುಮ್ಮನಿದ್ದರೆ ಊಟ ಸೇರುವುದಿಲ್ಲ. ನನ್ನ ಪರವಾಗಿ ಅವಳ ಕಾಲು ಹಿಡಿ.

ಮಾವ


ಯೂನಿವರ್ಸಿಟಿ ಸಿಟಿ
23 ಏಪ್ರಿಲ್ 1996

ಮಾವಾ,

ಚೂರುಗಳನ್ನು ಕಳಿಸುತ್ತಿದ್ದೇನೆ. ನಿಮ್ಮ ಕೈಯದ್ದು ತಪ್ಪಲ್ಲ. ಅದೊಂದು ಮಾತ್ರ ನಂಬಿ. ಹೆಚ್ಚು ಕೇಳಬೇಡಿ.

ಅಮ್ಮ ಊರಿಗೆ ಬೇಗ ಹೋಗುತ್ತೇನೆ, ಟಿಕೆಟ್ ಹಿಂದಕ್ಕೆ ಹಾಕಿಸು ಅನ್ನುತ್ತಿದ್ದಾಳೆ. ಸುಜಿತ್ ಎಷ್ಟು ಹೇಳಿದರೂ ಕೇಳುವುದಿಲ್ಲ.

ಚಿತ್ರಾ


ವೆಸ್ಟ್ ಕೊವಿನಾ
27 ಏಪ್ರಿಲ್ 1996

ಚಿ. ಚಿತ್ರಾ,

ಕೇಳಬೇಡಿ ಅಂದೆ, ಕೇಳುವುದಿಲ್ಲ. ನಾನೇ ಹೇಳುತ್ತೇನೆ.

ನಿನ್ನ ಚೂರುಗಳಲ್ಲಿ ನೀಲಿಗಿಂತ ಹೆಚ್ಚು ಕಂದು ಉಂಟು. ಅದು ತಾಮ್ರವಲ್ಲ, ತುಕ್ಕು. ಒಂದು ಚೂರಿಗೆ ಕೂದಲಿನಂಥ ನಾರು ಅಂಟಿತ್ತು. ಭೂತಗನ್ನಡಿ ಹಿಡಿದೆ, ಮೂಸಿದೆ, ಏನೂ ಹೊಳೆಯಲಿಲ್ಲ. ಶೋಭಾ ಅಡುಗೆಮನೆಯಿಂದ ಬಂದವಳು ಒಮ್ಮೆ ಬಗ್ಗಿ ನೋಡಿ, "ಇದು ಹುಣಸೆಯ ನಾರಲ್ಲವಾ?" ಅಂದಳು. ಆಮೇಲೆ ನಕ್ಕೆ, ಚಿತ್ರಾ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ತಾಮ್ರ ಕಂಡಲ್ಲಿ ಹುಣಸೆಹಣ್ಣು ಹಿಡಿದು ಬರುವ ಕೈ ನಿಮ್ಮ ಮನೆಯಲ್ಲಿ ಯಾರದ್ದು ಅಂತ ನನಗೆ ಗೊತ್ತಿಲ್ಲವಾ? ಇದಕ್ಕಾಗಿಯಾ ಅವಳು ಊರಿಗೆ ಹೊರಟದ್ದು? ಹೋಗಬೇಡವೆಂದು ಹೇಳು. ನಳಿಗೆ ಬಿಚ್ಚಿಸಿ ಕೂಡಲೇ ನನಗೆ ಕಳಿಸು. ನಡೆದದ್ದನ್ನು ಒಂದೂ ಬಿಡದೆ ಬರಿ.

ಮಾವ


ಯೂನಿವರ್ಸಿಟಿ ಸಿಟಿ
3 ಮೇ 1996

ಮಾವಾ,

ನೀವು ಪತ್ತೆ ಹಚ್ಚಿದ್ದು ತಿಳಿದ ಮೇಲೆ ಅಮ್ಮ, "ಇನ್ನು ಮುಚ್ಚಿ ಎಂತ ಮಾಡುವುದು, ಬರೆ" ಅಂದಳು. ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು, ಅದಕ್ಕೇ ಬಾಯಿ ಕಟ್ಟಿತ್ತು.

ಮಾರ್ಚ್ ಕಡೆಯ ಭಾನುವಾರ ಮೈದಾನದಿಂದ ಬಂದು, ರೈಫಲ್ಲಿನ ಹಿಂಬಾಯಿ ಮುಚ್ಚುವ ಬೋಲ್ಟ್ ತೆಗೆದಿಟ್ಟು ನಳಿಗೆ ಒರೆಸುತ್ತಿದ್ದೆ. ಅಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಬಟ್ಟೆ ನೀಲಿ ಬಂದಂತೆಲ್ಲ ಅವಳಿಗೆ ಸಂಕಟ.

"ಎಂತದು ಮಾರಾಯ್ತಿ ಇದು, ಕಿಲುಬು! ಕೊಡಪಾನದಲ್ಲಿ ಇಷ್ಟು ಕಿಲುಬು ಹಿಡಿದರೆ ಆ ನೀರು ಯಾರೂ ಕುಡಿಯಲಿಕ್ಕಿಲ್ಲ."

"ಇದರಲ್ಲಿ ಯಾರೂ ನೀರು ಕುಡಿಯುವುದಿಲ್ಲ ಅಮ್ಮ."

"ಗಂಟೆಗಟ್ಟಲೆ ಉಜ್ಜಿ ಭುಜ ನೋಯಿಸಿಕೊಳ್ಳುವುದು ಎಂತಕ್ಕೆ? ಒಂದು ಮುಷ್ಟಿ ಹುಣಸೆಹುಳಿ, ಒಂದು ಚಿಟಿಕೆ ಉಪ್ಪು. ಫಳಫಳ ಅನ್ನುತ್ತದೆ."

ನಾನು ನಕ್ಕೆ. ಅಷ್ಟರಲ್ಲಿ ಲ್ಯಾಬಿನ ಫ್ರೀಜರ್ ಕೆಟ್ಟಿತೆಂದು ಫೋನ್ ಬಂತು. ಎಲ್ಲ ಹಾಗೇ ಬಿಟ್ಟು ಓಡಿದೆ. ಅಮ್ಮ ಬಚ್ಚಲಲ್ಲಿ ಬಕೆಟ್ ಇಟ್ಟು, ನಳಿಗೆಯನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಮೇಲಿನಿಂದ ಹುಣಸೆರಸ, ಉಪ್ಪು ಹೊಯ್ದಿದ್ದಾಳೆ. ರಸವೆಲ್ಲ ಬಕೆಟಿಗೆ ಇಳಿದು, ನಳಿಗೆಯ ಬಾಯಿ ಅದರಲ್ಲೇ ಮುಳುಗಿ ಕೂತಿದೆ. ಚೆನ್ನಾಗಿ ನೆನೆಯಲಿ ಅಂತ ಅವಳು ಹೋಗಿ ಬಟ್ಟೆ ಮಡಿಸಿದ್ದಾಳೆ. ಆಮೇಲೆ ಬಿಸಿನೀರು ಹೊಯ್ದು, ಹಳೇ ಸೀರೆಯ ಚೂರಲ್ಲಿ ಒರೆಸಿ, ಮೊದಲಿನ ಹಾಗೇ ಇಟ್ಟಿದ್ದಾಳೆ. ಎಣ್ಣೆ ಮಾತ್ರ ಇಲ್ಲ. ನನಗೆ ಆಶ್ಚರ್ಯವಾಗಲಿ ಅಂತ ಒಂದು ಮಾತೂ ಹೇಳಲಿಲ್ಲ. ನಾನು ಬಂದವಳು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮುಂದಿನ ಭಾನುವಾರ ತೆಗೆದರೆ ಒಳಗೆ ಇಟ್ಟಿಗೆ ಬಣ್ಣ.

ಅಕ್ಷತ್ ಊಟದ ಮೇಜಿನಲ್ಲಿ, "ಅಜ್ಜಿ, ಯೂ ವಾಶ್ಡ್ ದ ಗನ್?" ಎಂದು ಬಿದ್ದು ಬಿದ್ದು ನಕ್ಕ. ಅಮ್ಮ ನಗಲಿಲ್ಲ. ಎದ್ದು ಹೋದಳು. "ನನ್ನ ತಮ್ಮ ಕೈಯಾರೆ ಮಾಡಿದ್ದನ್ನು ನಾನು ಕೈಯಾರೆ ಹಾಳು ಮಾಡಿದೆ. ನನ್ನಿಂದ ನಿನ್ನ ಜಾಗವೂ ಹೋಯಿತು" ಅನ್ನುತ್ತಾಳೆ. ಆವತ್ತಿನಿಂದ ಅಡುಗೆಮನೆಗೂ ಸರಿಯಾಗಿ ಬರುವುದಿಲ್ಲ. ಏನು ಮುಟ್ಟುವ ಮೊದಲೂ ನನ್ನನ್ನು ಕೇಳುತ್ತಾಳೆ. ಒಂದು ಲೋಟ ತೊಳೆಯಲಿಕ್ಕೂ.

ನಳಿಗೆ ಕಳಿಸಿದ್ದೇನೆ. ಮೇ ಹತ್ತೊಂಬತ್ತರೊಳಗೆ ಸರಿ ಮಾಡಿ ಕೊಡಿ ಮಾವ. ಹೆಲೆನ್‌ಳ ರೈಫಲ್ಲಿನಲ್ಲಿ ಗೆದ್ದರೆ ಆ ಜಾಗ ನನ್ನದು ಅಂತ ನನಗೆ ಅನ್ನಿಸುವುದಿಲ್ಲ.

ಚಿತ್ರಾ


ವೆಸ್ಟ್ ಕೊವಿನಾ
11 ಮೇ 1996

ಚಿ. ಚಿತ್ರಾ,

ನಳಿಗೆಯನ್ನು ಉದ್ದಕ್ಕೆ ಸೀಳಿಬಿಟ್ಟೆ. ಬಾಯಿ ಮುಚ್ಚಿಕೊಂಡು ಪೂರ್ತಿ ಓದು.

ಬಾಯಿಯ ಕಡೆ ಒಂದು ಗೇಣು ಕತ್ತರಿಸಿ ತೆಗೆದರೆ ಉಳಿದದ್ದು ಬಳಕೆಗೆ ಬಂದೀತು ಎಂದು ಮೊದಲು ಅಂದುಕೊಂಡೆ. ಉಪ್ಪು ತಿಂದದ್ದು ಅಷ್ಟೇ ಭಾಗವನ್ನು. ಅಲ್ಲಿ ಒಳಗೆ ಸಿಡುಬಿನ ಕಲೆ. ಗರಗಸ ಕೈಗೆ ತೆಗೆದುಕೊಂಡೂ ಆಗಿತ್ತು. ಆಗ ನಿನ್ನ ಕಾಗದದ ಒಂದು ಸಾಲು ಅಡ್ಡ ನಿಂತಿತು. ಬಟ್ಟೆ ನೀಲಿ ಬಂದಂತೆಲ್ಲ ಅಮ್ಮನಿಗೆ ಸಂಕಟ ಎಂದು ಬರೆದಿದ್ದೀಯಲ್ಲ. ಹುಣಸೆರಸ ಬೀಳುವ ಮುಂಚೆಯೇ ಅಷ್ಟು ನೀಲಿ ಎಲ್ಲಿಂದ ಬಂತು? ಮಾರ್ಚಿನಲ್ಲಿ ನೀನು ನನಗೆ ಕಳಿಸಿದ ಚೂರುಗಳು ಬೆಳ್ಳಗಿದ್ದವು!

ಅದಕ್ಕೇ ಸೀಳಿದೆ. ಹೊರಗಿನಿಂದ ಬೆಳಕು ಬಿಟ್ಟರೆ ನಡುಭಾಗ ಸರಿಯಾಗಿ ಕಾಣುವುದಿಲ್ಲ, ಹೊಳಪೇ ಕಣ್ಣು ಕಟ್ಟುತ್ತದೆ. ಸೀಳಿದ ಮೇಲೆ ಕಂಡಿತು. ತುಕ್ಕು ಸೋಂಕದ ನಡುಭಾಗದಲ್ಲಿ, ನಾನು ಅತ್ಯಂತ ನಯ ಮಾಡಿದ ಜಾಗದಲ್ಲೇ, ತಾಮ್ರ ಉದ್ದಕ್ಕೆ ಬಳಿದುಕೊಂಡಿದೆ. ಪೊರೆಯ ಮೇಲೆ ಪೊರೆ. ಉಗುರು ಹಾಕಿದರೂ ಏಳುವುದಿಲ್ಲ.

ಶೋಭಾಳಿಗೆ ತೋರಿಸಿ, "ಇಷ್ಟು ನುಣುಪಿನ ಮೇಲೆ ಹೇಗೆ ಹಿಡಿಯಿತು?" ಎಂದೆ. "ಕಾವಲಿಯನ್ನು ಬೆಳ್ಳಿಯ ಹಾಗೆ ತಿಕ್ಕಿಟ್ಟರೆ ದೋಸೆ ಏಳ್ತದಾ?" ಅಂದಳು. ಅವಳು ಹೇಳಿದ್ದು ದೋಸೆಗೆ. ನಳಿಗೆಗೆ ನನ್ನ ಲೆಕ್ಕ ಹೀಗೆ: ಒರಟಾದರೆ ಅರದ ಹಾಗೆ ತಾಮ್ರ ಕೆರೆಯುತ್ತದೆ. ತೀರ ಕನ್ನಡಿಯಾದರೆ ಗುಂಡಿನ ಮೈಯಿಡೀ ಒತ್ತಿ ಉಜ್ಜುತ್ತದೆ, ಕಾಯುತ್ತದೆ, ತಾಮ್ರ ಬಳಿಯುತ್ತದೆ. ಎರಡರ ನಡುವೆ ಒಂದು ಹದ ಉಂಟು. ಅಡ್ಡಗೀರು ಒಂದೂ ಇರಬಾರದು, ಗುಂಡು ಹೋಗುವ ದಿಕ್ಕಿನಲ್ಲಿ ಸೂಕ್ಷ್ಮವಾದ ಗೆರೆಗಳು ಉಳಿಯಬೇಕು. ಎಲ್ಲರೂ ಇದನ್ನು ಒಪ್ಪಲಿಕ್ಕಿಲ್ಲ, ಆದರೆ ನನ್ನ ಎದುರಿಗಿರುವ ಸೀಳು ಅದನ್ನೇ ಹೇಳುತ್ತದೆ. ಮೊದಲೆಲ್ಲ ನಾನು ನಿಲ್ಲಿಸುತ್ತಿದ್ದ ಜಾಗವೇ ಸರಿಯಾಗಿತ್ತು. ನಿನಗೆಂದು ಎರಡು ದಿನ ಹೆಚ್ಚು ಎಳೆದದ್ದೇ ಕೆಡಿಸಿತು.

ಚಿತ್ರಾ, ಈಗ ನೀನು ಹೇಳು. ನಳಿಗೆ ಮೊದಲ ಭಾನುವಾರದಿಂದಲೇ ತಾಮ್ರ ಹಿಡಿಯುತ್ತಿತ್ತು ಅಲ್ಲವಾ? ಉಜ್ಜಿ ಉಜ್ಜಿ, ಕಡೆಗೆ ಬಂದ ಬೆಳ್ಳಗಿನ ಚೂರುಗಳನ್ನು ಮಾತ್ರ ಆರಿಸಿ ನನಗೆ ಕಳಿಸಿದೆ.

ಒಂದು ಸೀಳನ್ನು ಅಕ್ಕನಿಗೆಂದು ಕಳಿಸಿದ್ದೇನೆ. ಎಲ್ಲಿಯವರೆಗೆ ಹುಣಸೆಯ ಕೆಲಸ, ಎಲ್ಲಿಂದ ನನ್ನ ಕೆಲಸ ಎಂದು ಸುಣ್ಣದಲ್ಲಿ ಗೆರೆ ಹಾಕಿದ್ದೇನೆ. ನನ್ನ ಭಾಗ ಉದ್ದ ಉಂಟು. ಅವಳಿಗೆ ತೋರಿಸಿ ಹೇಳು: ಅಕ್ಕಾ, ನೀನು ಉಪ್ಪು ಹಾಕಿದ್ದು ನಿಜ, ಆದರೆ ಗಾಯ ಮೊದಲೇ ಇತ್ತು. ಮಗಳ ಭುಜ ನೋಯುತ್ತದೆ ಅಂತ ನೀನು ಕೈ ಹಾಕಿದೆ. ಆ ಭುಜ ನೋಯುವ ಹಾಗೆ ಮಾಡಿದವನು ನಾನು.

ಇನ್ನು ಆಯ್ಕೆಯ ಮಾತು. ಹೆಲೆನ್ ಕೊಡುವ ರೈಫಲ್ ತೆಗೆದುಕೋ. ಉಸಿರು ನಿನ್ನದು, ಕಣ್ಣು ನಿನ್ನದು, ಗಾಳಿಯ ಲೆಕ್ಕ ನಿನ್ನದು. ಮಾವನ ಮೇಲಿನ ಪ್ರೀತಿಗೆ ಹಾಳು ನಳಿಗೆ ಹಿಡಿದುಕೊಂಡು ಮೈದಾನಕ್ಕೆ ಹೋಗಿ ಸೋತರೆ ಅದರಲ್ಲಿ ನನಗೆ ಯಾವ ಮರ್ಯಾದೆಯೂ ಇಲ್ಲ. ಇದು ಕೇಳಿಕೊಳ್ಳುವುದಲ್ಲ, ಹೇಳುವುದು.

ಮಾವ


ಯೂನಿವರ್ಸಿಟಿ ಸಿಟಿ
20 ಮೇ 1996

ಮಾವಾ,

ನಿನ್ನೆ ತಂಡದಲ್ಲಿ ಖಾಲಿಯಿದ್ದ ಆ ನಾಲ್ಕನೆಯ ಜಾಗ ನನಗೆ ಸಿಕ್ಕಿತು. ಹೆಲೆನ್‌ಳ ರೈಫಲ್. ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯ ಗಾಳಿ ಎದ್ದು ಎಲ್ಲರನ್ನೂ ಆಡಿಸಿತು. ಗಾಳಿ ತಗ್ಗಲಿ ಎಂದು ನಾನು ಕಾದೆ. ಹೊಡೆದು ಮುಗಿಸಿ ಕೊನೆಯವಳಾಗಿ ಎದ್ದೆ. ಆಗಸ್ಟಿನ ಪಂದ್ಯಕ್ಕೆ ಹೆಲೆನ್‌ಗೆ ಆ ರೈಫಲ್ ಬೇಕು, ನನಗೆ ನನ್ನದೇ ನಳಿಗೆ ಆಗಬೇಕು.

ಹೌದು ಮಾವ. ಮೊದಲ ಭಾನುವಾರದಿಂದಲೇ. ಮೊದಲ ಗುಂಡುಗಳು ಚೆನ್ನಾಗಿ ಬಿದ್ದವು, ಅದು ಸುಳ್ಳಲ್ಲ. ಆಮೇಲೆ ಚೆದುರುತ್ತಿದ್ದವು. ಮನೆಗೆ ಬಂದು ಉಜ್ಜಿದರೆ ಬಟ್ಟೆ ನವಿಲುಗರಿಯ ಬಣ್ಣ. ಎರಡು ದಿನ ಹೆಚ್ಚು ಎಳೆದೆ ಎಂದು ನೀವು ಬರೆದಿದ್ದಿರಿ. ಹೇಗೆ ಹೇಳಲಿ? ನಾನು ಸರಿಯಾಗಿ ತೊಳೆಯುತ್ತಿಲ್ಲ ಎಂದುಕೊಂಡೆ. ಲ್ಯಾಬಿನಲ್ಲಿ ಯಾರಾದರೂ ಹೀಗೆ ಬೇಕಾದ ಫಲಿತಾಂಶ ಮಾತ್ರ ಆರಿಸಿ ತಂದರೆ ನಾನು ಅವರನ್ನು ಬಿಡುವವಳಲ್ಲ. ನಿಮ್ಮ ವಿಷಯದಲ್ಲಿ ಅದನ್ನೇ ಮಾಡಿದೆ. ಅಂದೇ ಹೇಳಿದ್ದರೆ ಅಮ್ಮ ಬಕೆಟ್ ಹಿಡಿಯುತ್ತಿರಲಿಲ್ಲ.

ಸೀಳು ಬಂದ ದಿನ ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡಳು. ಸುಣ್ಣದ ಗೆರೆಯ ಆಚೆ ಈಚೆ ಬೆರಳಾಡಿಸಿದಳು. ಆಮೇಲೆ, "ನೋಡು, ನನ್ನದು ಒಂದು ಗೇಣು. ಅವನದ್ದು ಒಂದು ಮೊಳದ ಮೇಲೆ ಉಂಟು! ಚಿಕ್ಕಂದಿನಿಂದಲೂ ಹಾಗೇ, ಮಾಡಿದರೆ ನನಗಿಂತ ಜಾಸ್ತಿಯೇ ಮಾಡಬೇಕು ಅವನಿಗೆ" ಅಂದಳು. ಎದ್ದು ಅಡುಗೆಮನೆಗೆ ಹೋಗಿ ಯಾರನ್ನೂ ಕೇಳದೆ ಪಾತ್ರೆಗಳನ್ನೆಲ್ಲ ತನಗೆ ಬೇಕಾದ ಹಾಗೆ ಜೋಡಿಸಿದಳು. ಟಿಕೆಟ್ಟಿನ ಮಾತು ಬಿಟ್ಟಿದ್ದಾಳೆ. ಆಗಸ್ಟ್ ಪಂದ್ಯ ನೋಡಿಯೇ ಹೋಗುತ್ತಾಳಂತೆ, ಅದಕ್ಕೆ ವೀಸಾದ ದಿನ ಹೆಚ್ಚಿಸಲು ಸುಜಿತ್ ಅಪ್ಲೈ ಮಾಡುತ್ತಿದ್ದಾನೆ. ನನಗೆ ಮಾತ್ರ, "ಅವನಿಗೆ ಸುಳ್ಳು ಚಿಂದಿ ಕಳಿಸಿದೆಯಲ್ಲ, ನಾಚಿಕೆ ಇಲ್ಲವಾ?" ಎಂದು ದಿನಕ್ಕೊಮ್ಮೆ ಬೀಳುತ್ತದೆ.

ಇನ್ನೊಂದು ನಳಿಗೆ ಮಾಡಿಕೊಡುತ್ತೀರಾ?

ಚಿತ್ರಾ


ವೆಸ್ಟ್ ಕೊವಿನಾ
9 ಜೂನ್ 1996

ಚಿ. ಚಿತ್ರಾಳಿಗೆ,

ಕಾಗದ ಓದಿದ ದಿನವೇ ಹೊಸ ಉಕ್ಕಿನ ನಳಿಗೆ ತರಿಸಿ ಕೆಲಸ ಹಿಡಿದೆ. ನಿನ್ನ ಜಾಗದ ಸುದ್ದಿಯನ್ನು ಶೋಭಾ ಬೀದಿಯ ಎರಡೂ ಬದಿಗೆ ಹಂಚಿ ಆಗಿದೆ.

ನಳಿಗೆ ನಾಳೆ ಹೊರಡುತ್ತದೆ. ಅಡ್ಡಗೀರು ಹೋಗುವವರೆಗೆ ಎಳೆದೆ, ಬಿಗಿ ಸಡಿಲ ಸಮವಾಗುವವರೆಗೆ ಎಳೆದೆ, ನಿಲ್ಲಿಸಿದೆ. ನಯದ ಪುಡಿಯ ಡಬ್ಬಿ ಎದುರಿಗೇ ಇತ್ತು. ಕೈ ಎರಡು ಸಲ ಅತ್ತ ಹೋಯಿತು. ನಿಲ್ಲಿಸುವುದು ಎಳೆಯುವುದಕ್ಕಿಂತ ಕಷ್ಟದ ಕೆಲಸ, ಮಾರಾಯ್ತಿ. ಒಳಗೆ ನೋಡಿದರೆ ಈ ಸಲ ಹೆಲೆನ್ ಹೊಗಳಲಿಕ್ಕಿಲ್ಲ. ಮಬ್ಬು ಬೂದುಬಣ್ಣಕ್ಕೆ, ಒರೆಸಿಟ್ಟ ಕಡಪಾ ಕಲ್ಲಿನ ಹಾಗೆ ಉಂಟು. ಹಾಗೇ ಇರಲಿ.

ಇದೇ ಹದ ಎಂದು ನಾನು ಪ್ರಮಾಣ ಮಾಡಲಾರೆ. ತಪ್ಪಿದ್ದರೆ ಇನ್ನೊಂದು ಮಾಡಲು ಆಗಸ್ಟಿನವರೆಗೆ ಕಾಲವಿದೆ, ಉಕ್ಕೂ ಇದೆ, ನನ್ನ ತೋಳೂ ಇದೆ. ಇಲ್ಲದ್ದು ಒಂದೇ, ಒಳಗೆ ನಡೆಯುವುದನ್ನು ನೋಡುವ ಕಣ್ಣು. ಅದು ನಿನ್ನ ಕೈಯಲ್ಲಿದೆ. ಮೊದಲ ಭಾನುವಾರ ಹೊಡೆದ ಕೂಡಲೇ ಒರೆಸಿ, ಮೊಟ್ಟಮೊದಲು ಹೊರಬಂದ ಚೂರನ್ನು, ಅತ್ಯಂತ ಕೊಳಕಾದದ್ದನ್ನು, ಮೇಲೆ ಇಡು. ನನ್ನ ಮನಸ್ಸಿಗೆ ನೋವಾಗುತ್ತದೋ ಎಂದು ಯೋಚಿಸಬೇಡ. ನೀಲಿ ಬಂದಿದ್ದರೆ ನೀಲಿಯನ್ನೇ ಕಳಿಸು, ಮತ್ತೆ ಬೇಗ ಕಾಗದ ಬರಿ.

ನಿನ್ನ ಮಾವ
ಕೃಷ್ಣರಾಜ